ಕೆನೆ ಬಣ್ಣದ ಹಳೇ ಪದ್ಮಿನಿಗೆ ಒಳಗೆ ಯಾವ ಬಣ್ಣ ಹಾಕಿಸಲಿ?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಅಜ್ಜನ ಕಾಲದ 1978ರ ಪ್ರೀಮಿಯರ್ ಪದ್ಮಿನಿ, ಹೊರಗೆ ಕೆನೆ ಬಣ್ಣ, ಸೀಟು ಹರಿದು ಸ್ಪ್ರಿಂಗ್ ಕಾಣುತ್ತಿದೆ. ನಿಮಗೆ ಕಪ್ಪು ಇಷ್ಟ, ನಿಮ್ಮ ಅಣ್ಣನಿಗೆ ಕೆಂಪು. ಗಾಡಿ ಇರುವುದು ದಾವಣಗೆರೆಯಲ್ಲಿ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಎರಡೂ ಬೇಡ. ಸೀಟಿಗೆ ಹಳೇ ಬೆಲ್ಲದಂಥ ಕಂದು ಬಣ್ಣದ ರೆಕ್ಸಿನ್ ಹಾಕಿಸಿ. ನಾನು ಚಿತ್ರದುರ್ಗದವನು, ನಮ್ಮ ಮನೆಯಲ್ಲಿ ಅಂಬಾಸಿಡರ್ ಇದೆ. ಅದೇ ಬಿಸಿಲು, ಅದೇ ಧೂಳು. ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ.

ಒಮ್ಮೆ ಪದ್ಮಿನಿಯೊಳಗೆ ಕೂತು ಸುತ್ತ ನೋಡಿ. ಈಗಿನ ಕಾರುಗಳ ಹಾಗೆ ಎಲ್ಲವನ್ನೂ ಪ್ಲಾಸ್ಟಿಕ್‌ನಿಂದ ಮುಚ್ಚಿಲ್ಲ. ಬಾಗಿಲಿನ ಮೇಲಂಚು, ಕಿಟಕಿ ಸುತ್ತಲಿನ ಚೌಕಟ್ಟು, ಎಲ್ಲ ಬರೀ ತಗಡು. ಅಲ್ಲಿ ಕಾಣುವುದು ಹೊರಗಿನ ಪೇಂಟೇ. ಅಂದರೆ ಒಳಗಿನ ಬಣ್ಣದಲ್ಲಿ ಒಂದು ಭಾಗ ಆಗಲೇ ತೀರ್ಮಾನವಾಗಿದೆ. ಆ ಕೆನೆ ಬಣ್ಣದ ಪಕ್ಕ ಕಪ್ಪು ಕೂರಿಸಿದರೆ ಕಣ್ಣಿಗೆ ಹೊಡೆಯುತ್ತದೆ. ಕಂದು ಅದರ ಜೊತೆ ಹೊಂದಿಕೊಳ್ಳುತ್ತದೆ.

ಕಪ್ಪಿನ ದೊಡ್ಡ ತೊಂದರೆ ಬಿಸಿ. ನಿಮ್ಮ ಗಾಡಿಗೆ ಎಸಿ ಇಲ್ಲ ಅಂತ ಬರೆದಿದ್ದೀರಿ. ಏಪ್ರಿಲ್‌ನಲ್ಲಿ ಮಂಡಿಪೇಟೆ ಹತ್ತಿರ ಒಂದು ಗಂಟೆ ನಿಲ್ಲಿಸಿ ಬಂದರೆ ಕಪ್ಪು ಸೀಟಿನ ಮೇಲೆ ಕೈ ಇಡೋಕೆ ಆಗಲ್ಲ. ಕೂರುವವರ ಕಷ್ಟ ಒಂದು ಕಡೆ, ರೆಕ್ಸಿನ್ ಗತಿ ಇನ್ನೊಂದು ಕಡೆ. ಈಗ ನಾವು ರೆಕ್ಸಿನ್ ಅನ್ನುವುದು ಬಟ್ಟೆಯ ಮೇಲೆ ಪಿವಿಸಿ ಪದರ ಹಾಕಿದ್ದು. ಪಿವಿಸಿ ಮೆತ್ತಗಿರಲಿ ಅಂತ ಅದಕ್ಕೆ ಎಣ್ಣೆಯಂಥ ಒಂದು ಪದಾರ್ಥ ಬೆರೆಸಿರುತ್ತಾರೆ. ಬಿಸಿಗೆ ಅದು ನಿಧಾನಕ್ಕೆ ಹೊರಗೆ ಹೋಗುತ್ತದೆ. ಆಮೇಲೆ ರೆಕ್ಸಿನ್ ಬಿರುಸಾಗಿ ಹೊಲಿಗೆ ಹತ್ತಿರ ಸೀಳುತ್ತದೆ. ಕಪ್ಪು ಬಿಸಿಯನ್ನು ಜಾಸ್ತಿ ಹೀರುವುದರಿಂದ ನಮ್ಮ ಬಯಲುಸೀಮೆಯಲ್ಲಿ ಇದು ಬೇಗ ಆಗುತ್ತದೆ.

ಕಪ್ಪಾದರೆ ಧೂಳು ಕಾಣಲ್ಲ ಅನ್ನುವವರು ತುಂಬಾ ಜನ. ಮಣ್ಣು ಕೆಂಪಿರಲಿ, ಎರೆ ಇರಲಿ, ಒಣಗಿ ಧೂಳಾದ ಮೇಲೆ ತಿಳಿ ಬಣ್ಣಕ್ಕೆ ತಿರುಗುತ್ತದೆ. ಕಪ್ಪಿನ ಮೇಲೆ ಬೆರಳಿನ ಗುರುತೂ ಎದ್ದು ಕಾಣುತ್ತದೆ. ಕಂದಿನ ಮೇಲೆ ಎರಡು ದಿನ ಒರೆಸದೆ ಬಿಟ್ಟರೂ ಗಾಡಿ ಕೊಳಕು ಅನಿಸಲ್ಲ.

ಕೆಂಪು ಹೊಸದರಲ್ಲಿ ನಿಜಕ್ಕೂ ಚೆಂದ, ನಿಮ್ಮ ಅಣ್ಣನ ಕಣ್ಣು ಕೆಟ್ಟದ್ದಲ್ಲ. ಆದರೆ ಬಿಸಿಲಿಗೆ ಬೇಗ ಮಾಸುವ ಬಣ್ಣಗಳಲ್ಲಿ ಅದೂ ಒಂದು. ಹಿಂದಿನ ಸೀಟಿನ ಒರಗುವ ಭಾಗದ ಮೇಲಂಚು ಹಿಂದಿನ ಗಾಜಿನ ಬಿಸಿಲಿಗೆ ಸದಾ ಒಡ್ಡಿಕೊಂಡಿರುತ್ತದೆ. ಅದು ಮೊದಲು ಗುಲಾಬಿಗೆ ತಿರುಗುತ್ತದೆ, ಕೆಳಗೆ ಕೆಂಪು ಹಾಗೇ ಉಳಿಯುತ್ತದೆ. ಕೆಂಪೇ ಬೇಕು ಅಂತ ಅಣ್ಣ ಹಟ ಹಿಡಿದರೆ ಗಾಢ ಮರೂನ್ ಬಣ್ಣದ ಪೈಪಿಂಗ್, ಅಂದರೆ ಅಂಚಿನ ಹೊಲಿಗೆಗುಂಟ ಕೂರಿಸುವ ಸಣ್ಣ ಪಟ್ಟಿ, ಕೊಡಿಸಿ. ಕಂದು ಸೀಟಿನ ಅಂಚಿಗೆ ಅದು ಬಹಳ ಚೆನ್ನಾಗಿ ಕಾಣುತ್ತದೆ. ಪೂರ್ತಿ ಬಿಳಿ ಅಥವಾ ಕೆನೆ ಬಣ್ಣದ ಸೀಟಂತೂ ಬೇಡ. ಹೊಸ ಜೀನ್ಸ್ ಪ್ಯಾಂಟಿನ ನೀಲಿ ಅದಕ್ಕೆ ಹತ್ತಿದರೆ ಏನು ಉಜ್ಜಿದರೂ ಪೂರ್ತಿ ಹೋಗಲ್ಲ.

ಬಣ್ಣ ಗಟ್ಟಿ ಮಾಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಗಾಡಿಗೆ ಕಂಪನಿಯಿಂದ ಬಂದ ಬಣ್ಣ ಯಾವುದಿತ್ತು ಅಂತ ಹುಡುಕಿ. ಸೀಟಿನ ಮೇಲ್ಭಾಗ ನೋಡಿದರೆ ಗೊತ್ತಾಗಲ್ಲ, ಅದು ಮಾಸಿರುತ್ತದೆ, ಇಲ್ಲಾ ಯಾರೋ ಬದಲಾಯಿಸಿರುತ್ತಾರೆ. ಗಾಜು ಇಳಿಸುವ ಹಿಡಿ ಬಿಚ್ಚಿ, ಬಾಗಿಲಿನ ಪ್ಯಾಡ್ ಮೆಲ್ಲಗೆ ಎಬ್ಬಿಸಿ, ತಿರುಗಿಸಿ ನೋಡಿ. ರೆಕ್ಸಿನ್ ಅಂಚನ್ನು ಹಾರ್ಡ್‌ಬೋರ್ಡ್‌ನ ಹಿಂದಕ್ಕೆ ಮಡಚಿ ಅಂಟಿಸಿರುತ್ತಾರೆ. ಎರಡು ಬೆರಳಗಲದ ಆ ಪಟ್ಟಿಗೆ ಬಿಸಿಲೇ ಬಿದ್ದಿರುವುದಿಲ್ಲ. ನಮ್ಮ ಅಂಬಾಸಿಡರ್‌ನಲ್ಲಿ ಮುಂಭಾಗ ಬೂದಿ ಬಣ್ಣಕ್ಕೆ ಬಂದಿತ್ತು, ಹಿಂದೆ ಮಡಚಿದ್ದು ಮಾತ್ರ ತಿಳಿ ಹಸಿರು. ಒಣಗಿದ ಗಮ್ಮಿನ ಕಲೆ ಬಿಟ್ಟರೆ ಆ ಪಟ್ಟಿ ಹೊಸದರ ಹಾಗೇ ಇತ್ತು. ನಾವು ಅದೇ ಹಸಿರು ಹಾಕಿಸಿದೆವು. ನಿಮ್ಮದರಲ್ಲೂ ಅಂಥ ಒಂದು ಬಣ್ಣ ಸಿಕ್ಕಿ, ಅದು ನಿಮಗೆ ಇಷ್ಟವಾದರೆ, ನಾನು ಹೇಳಿದ ಕಂದು ಬಣ್ಣ ಮರೆತು ಅದನ್ನೇ ಹಾಕಿಸಿ. ನಿಮ್ಮ ಅಜ್ಜ ಷೋರೂಮಿನಿಂದ ತಂದಾಗ ಇದ್ದ ಬಣ್ಣ ಅದು, ಅದಕ್ಕಿಂತ ಬೇರೆ ಕಾರಣ ಬೇಕಾ?

ಇನ್ನೊಂದು ವಿಷಯ. ಆರ್‌ಸಿಯಲ್ಲಿ ಬರೆದಿರುವುದು ಬಾಡಿ ಬಣ್ಣ, ಸೀಟಿನದಲ್ಲ. ಹಾಗಾಗಿ ಒಳಗಿನ ಬಣ್ಣಕ್ಕೆ ಆರ್‌ಟಿಒ ಕಚೇರಿಗೆ ಓಡಾಡಬೇಕಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲದಲ್ಲಿದ್ದ ಹಾಗೇ ಇರಬೇಕು. ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಆ ನೋಂದಣಿ ಪಡೆದರೆ ದಿನಬಳಕೆಗೆ ಓಡಿಸುವಂತಿಲ್ಲ. ನಿಮ್ಮ ಗಾಡಿ 2028ಕ್ಕೆ ಆ ವಯಸ್ಸಿಗೆ ಬರುತ್ತದೆ. ಆಗ ಆ ದಾರಿ ಹಿಡಿಯುವ ಆಸೆ ಇದ್ದರೆ ಒಳಗೂ ಹಳೇ ರೂಪಕ್ಕೆ ಹತ್ತಿರ ಇಟ್ಟುಕೊಳ್ಳುವುದೇ ಚೆಂದ. ಈಗ ಎಲ್ಲರೂ ಹಾಕಿಸುವ ಡೈಮಂಡ್ ಹೊಲಿಗೆ ಈ ಗಾಡಿಗೆ ಒಪ್ಪಲ್ಲ. ಉದ್ದುದ್ದ ಗೆರೆಯ ಹೊಲಿಗೆ ಸಾಕು.

ಮೇಲಿನ ರೂಫ್ ಲೈನಿಂಗ್ ಮಾತ್ರ ತಿಳಿ ಬಣ್ಣದ್ದೇ ಇರಲಿ, ಗಾಢವಾದರೆ ಒಳಗೆ ಇಕ್ಕಟ್ಟು ಅನಿಸುತ್ತದೆ. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಇದರ ಉಲ್ಟಾ. ಅಲ್ಲಿ ಹೊಳಪಿಲ್ಲದ ಗಾಢ ಬಣ್ಣ ಬೇಕು. ತಿಳಿ ಬಣ್ಣ ಹಾಕಿದರೆ ಮಧ್ಯಾಹ್ನ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಮೂಡುತ್ತದೆ, ಹೈವೇಯಲ್ಲಿ ಅದು ಅಪಾಯ. ಬಾಗಿಲಿನ ಪ್ಯಾಡ್‌ನ ಕೆಳಭಾಗಕ್ಕೂ ಗಾಢ ಕಂದು ಕೊಡಿಸಿ, ಹತ್ತಿ ಇಳಿಯುವಾಗ ಚಪ್ಪಲಿ ತಾಗುವುದು ಅಲ್ಲೇ.

ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಬಣ್ಣ ಆರಿಸಬೇಡಿ. ಅಲ್ಲಿ ಕಂದಾಗಿ ಕಂಡಿದ್ದು ಬಿಸಿಲಿಗೆ ಬಂದರೆ ಕಿತ್ತಳೆ ಹೊಡೆಯುತ್ತದೆ. ಅಂಗೈಯಗಲದ ಮೂರ್ನಾಲ್ಕು ತುಂಡು ಇಸ್ಕೊಂಡು ಬನ್ನಿ. ಸೀಟಿನ ಮೇಲೆ, ತಗಡಿಗೆ ತಾಗುವ ಹಾಗೆ ಇಟ್ಟು ಒಂದು ವಾರ ಗಾಡಿಯಲ್ಲೇ ಬಿಡಿ. ಬೆಳಿಗ್ಗೆ ನೋಡಿ, ನಡು ಮಧ್ಯಾಹ್ನ ನೋಡಿ, ಕೈಯಿಂದ ಮುಟ್ಟಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ, ಬಟ್ಟೆಗೆ ಬಣ್ಣ ಹತ್ತಿದರೆ ಆ ತುಂಡು ಬಿಡಿ. ದಾವಣಗೆರೆಯಲ್ಲಿ ಮನಸ್ಸಿಗೆ ಒಪ್ಪುವ ಶೇಡ್ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಬನ್ನಿ, ಅಲ್ಲಿ ಆಯ್ಕೆ ಜಾಸ್ತಿ.

ಟಿಂಕರಿಂಗ್, ಪೇಂಟಿಂಗ್ ಬಾಕಿ ಇದ್ದರೆ ಮೊದಲು ಅದು ಮುಗಿಯಲಿ. ಮ್ಯಾಟ್ ಎತ್ತಿ ಕೆಳಗಿನ ತಗಡು ತುಕ್ಕು ಹಿಡಿದಿದೆಯಾ ನೋಡಿ. ವೆಲ್ಡಿಂಗ್ ಕಿಡಿ ಹೊಸ ಸೀಟಿಗೆ ಬಿದ್ದರೆ ತೂತೇ. ಕುಶನ್ ಕೆಲಸದವರಿಗೆ ಹಳೇ ಕವರ್ ಹರಿಯದೆ ಹೊಲಿಗೆ ಬಿಚ್ಚಿ ತೆಗೆಯಲು ಹೇಳಿ, ಹೊಸದಕ್ಕೆ ಅಳತೆ ಅದೇ. ಹತ್ತಿ ದಾರ ಬೇಡ, ನೈಲಾನ್ ಅಥವಾ ಪಾಲಿಯೆಸ್ಟರ್ ದಾರ ಹಾಕಲಿ. ರೆಕ್ಸಿನ್ ಪೂರ್ತಿ ಒಂದೇ ರೋಲಿನಿಂದ ಕತ್ತರಿಸಲಿ, ಬೇರೆ ರೋಲಿನಲ್ಲಿ ಶೇಡ್ ಸ್ವಲ್ಪ ಆಚೀಚೆ ಆಗುತ್ತದೆ. ಒಂದು ಮೀಟರ್ ಜಾಸ್ತಿ ತಗೊಂಡು, ಮಡಚದೆ ಸುತ್ತಿ, ಮನೆಯಲ್ಲಿ ಇಟ್ಟುಕೊಳ್ಳಿ.