ಸೊಪ್ಪು ಮಹಡಿ ಹತ್ತುವುದಿಲ್ಲ

ಮೈಸೂರಿನ ಓದುಗರೊಬ್ಬರು ದೇವರಾಜ ಮಾರುಕಟ್ಟೆಯ ವಿಷಯವಾಗಿ ಮೂರು ಪುಟಗಳ ಪತ್ರ ಬರೆದಿದ್ದಾರೆ. ಬಿರುಕು ಬಿಟ್ಟ ಕಟ್ಟಡವನ್ನು ಕೆಡವಿ, ನೆಲದಡಿಯಲ್ಲಿ ವಾಹನ ನಿಲುಗಡೆ, ಮೇಲೆ ಎರಡು ಮಹಡಿ, ಲಿಫ್ಟು, ರಸ್ತೆಯ ಕಡೆಗೆ ಮಾತ್ರ ಅರಮನೆಯ ಮಾದರಿಯ ಕಮಾನುಗಳಿರುವ ಹೊಸ ಮಾರುಕಟ್ಟೆಯನ್ನು ಕಟ್ಟಬೇಕೆಂಬುದು ಅವರ ವಾದ. ‘ಜೀವಕ್ಕಿಂತ ಗೋಡೆ ದೊಡ್ಡದಲ್ಲ. ನಿಮ್ಮಂಥವರ ಹಳಹಳಿಕೆಯಿಂದಲೇ ನಮ್ಮ ಊರು ಹಿಂದೆ ಬಿದ್ದಿದೆ’ ಎಂದು ನನ್ನನ್ನೂ ವಿಚಾರಿಸಿಕೊಂಡಿದ್ದಾರೆ.

ಮಾನ್ಯರೇ,

ನಿಮ್ಮ ಮೊದಲ ಮಾತನ್ನು ತಕರಾರಿಲ್ಲದೆ ಒಪ್ಪುತ್ತೇನೆ. 2012ರ ಆಗಸ್ಟ್‌ನಲ್ಲಿ ಅಲ್ಲೇ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷಗಳ ಬಳಿಕ, ಅದೇ ಆಗಸ್ಟ್ ತಿಂಗಳಲ್ಲಿ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಭಾಗ ಉರುಳಿತು. ಯಾರ ಜೀವವೂ ಹೋಗಲಿಲ್ಲವೆಂಬುದು ಪುಣ್ಯವೇ ಹೊರತು ಯಾರ ಜಾಣತನವೂ ಅಲ್ಲ. ಕೆಡವಿ ಕಟ್ಟಬೇಕೆಂದು ಒಂದು ತಜ್ಞರ ಗುಂಪು ಹೇಳಿದರೆ, ಸುಣ್ಣದ ಗಾರೆಯ ಆ ಗೋಡೆಗಳನ್ನು ದುರಸ್ತಿ ಮಾಡಿ ಉಳಿಸಬಹುದೆಂದು ಪರಂಪರೆಯ ತಜ್ಞರು ಹೇಳಿದರು. ವಿವಾದ ಹೈಕೋರ್ಟಿನ ಮೆಟ್ಟಿಲೇರಿತು, 2023ರಲ್ಲಿ ತೀರ್ಪು ಕೆಡವುವವರ ಕಡೆಗೆ ವಾಲಿತು. ಇದೆಲ್ಲ ನಿಮಗೂ ಗೊತ್ತು, ನನಗೂ ಗೊತ್ತು. ಸೂರು ಸೋರುತ್ತಿದ್ದ ವರ್ಷಗಳಲ್ಲಿ ಅದರ ಮೇಲೆ ಬೆಳೆದ ಅರಳಿ ಸಸಿಯನ್ನು ಕೀಳುವುದಕ್ಕೂ ಯಾರಿಗೂ ಪುರುಸೊತ್ತಿರಲಿಲ್ಲ ಎಂಬುದನ್ನು ಮಾತ್ರ ನೀವು ಬರೆಯಲಿಲ್ಲ.

ನನ್ನ ಜಗಳ ಗೋಡೆಯ ವಿಷಯಕ್ಕಲ್ಲ, ಮಹಡಿಯ ವಿಷಯಕ್ಕೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಕಾರು ಏಳು ಕಡೆ ಬಂದಿದೆ, ಬುಟ್ಟಿ ಒಂದು ಕಡೆಯೂ ಇಲ್ಲ.

ನಾನು ಬೆಳೆದ ತಾಲ್ಲೂಕು ಪಟ್ಟಣದಲ್ಲಿ ಹೊಳೆಯ ದಂಡೆಯ ಮೇಲೊಂದು ಸಂತೆಮಾಳವಿತ್ತು. ಆಚೆ ದಡದ ಹಳ್ಳಿಗಳವರು ನಸುಕಿನಲ್ಲೇ ಹೊಳೆ ದಾಟಿ, ಬೇರಿನ ಮಣ್ಣನ್ನು ಅದೇ ನೀರಿನಲ್ಲಿ ಜಾಲಿಸಿ, ಒದ್ದೆ ಗೋಣಿಯ ಮೇಲೆ ಸೊಪ್ಪಿನ ಕಟ್ಟುಗಳನ್ನು ಜೋಡಿಸಿ ಕೂರುತ್ತಿದ್ದರು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅಲ್ಲಿ ಎರಡಂತಸ್ತಿನ ಮಾರುಕಟ್ಟೆ ಸಂಕೀರ್ಣ ಎದ್ದಿತು. ಕೆಳಗಿನ ಮಳಿಗೆಗಳು ಹರಾಜಿನಲ್ಲಿ ಮುಂಗಡ ಕಟ್ಟಬಲ್ಲವರ ಪಾಲಾದವು, ತರಕಾರಿಯವರಿಗೆ ಮೇಲಿನ ಅಂತಸ್ತು ಬಂತು. ಕೀರೆಸೊಪ್ಪು ಮಾರುತ್ತಿದ್ದ ಅಜ್ಜಿಯೊಬ್ಬಳು ಎರಡು ದಿನ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದಳು, ಮೂರನೆಯ ದಿನ ಮೆಟ್ಟಿಲ ಬುಡದಲ್ಲೇ ಕೂತಳು. ಯಾಕಜ್ಜಿ ಎಂದು ಕೇಳಿದ್ದಕ್ಕೆ, ‘ಸೊಪ್ಪು ಮಾಡಿ ಹತ್ತಾಕಿಲ್ಲ ಕನ ಮಗ, ಹತ್ತಿದ್ರೂ ತಗಳೋರು ಹತ್ತಾಕಿಲ್ಲ’ ಅಂದಳು. ಮೆಟ್ಟಿಲ ಬುಡದಲ್ಲಿ ಕೂತಿದ್ದಕ್ಕೆ ಆಕೆಗೆ ದಂಡ ಹಾಕಿದರು. ಆ ಮೇಲಂತಸ್ತಿನಲ್ಲಿ ಈಗ ಒಂದು ಟ್ಯುಟೋರಿಯಲ್ಲು ಮತ್ತು ಎರಡು ಜೆರಾಕ್ಸ್ ಅಂಗಡಿಗಳಿವೆ, ತರಕಾರಿ ರಸ್ತೆಯ ಮೇಲಿದೆ, ಹೊಳೆಯ ಕಡೆಗೆ ಸಂಕೀರ್ಣದ ಶೌಚಾಲಯ ಬೆನ್ನು ಮಾಡಿ ನಿಂತಿದೆ.

ಇದು ಒಂದು ಸಣ್ಣ ಊರಿನ ಕಥೆ ಎನ್ನುವಿರಾದರೆ ದೊಡ್ಡ ಊರಿಗೇ ಹೋಗೋಣ. ಅಮೆರಿಕದ ಸಿಯಾಟಲ್ ನಗರದಲ್ಲಿ, ಕಡಲ ಕೊಲ್ಲಿಗೆ ಮುಖ ಮಾಡಿದ ದಿಬ್ಬದ ಮೇಲೆ ಪೈಕ್ ಪ್ಲೇಸ್ ಎಂಬ ರೈತರ ಮಾರುಕಟ್ಟೆಯಿದೆ. ದಲ್ಲಾಳಿಗಳ ಕೈಯಲ್ಲಿ ಈರುಳ್ಳಿಯ ಬೆಲೆ ಗಗನಕ್ಕೇರಿದ್ದಕ್ಕೆ ರೇಗಿದ ಜನರಿಗಾಗಿ 1907ರ ಆಗಸ್ಟ್ 17ರಂದು ಅದು ಶುರುವಾಯಿತು. ಅರವತ್ತರ ದಶಕದಲ್ಲಿ ಅದನ್ನು ಕೆಡವಿ ಎತ್ತರದ ಕಟ್ಟಡಗಳನ್ನೂ ಕಾರು ನಿಲ್ದಾಣವನ್ನೂ ಕಟ್ಟುವ ಯೋಜನೆ ಬಂತು, ನಿಮ್ಮ ಪತ್ರದಲ್ಲಿರುವ ಮಾತುಗಳೇ ಅಲ್ಲೂ ಕೇಳಿಬಂದವು. ವಿಕ್ಟರ್ ಸ್ಟೈನ್‌ಬ್ರೂಕ್ ಎಂಬ ವಾಸ್ತುಶಿಲ್ಪಿಯ ಮುಂದಾಳತ್ವದಲ್ಲಿ ಊರವರು ಸಹಿ ಸಂಗ್ರಹಿಸಿ, 1971ರ ನವೆಂಬರಿನಲ್ಲಿ ಮತ ಹಾಕಿ, ಏಳು ಎಕರೆಯನ್ನು ಉಳಿಸಿಕೊಂಡರು. ಆದರೆ ನನಗೆ ಮುಖ್ಯವಾಗಿ ಕಾಣುವುದು ಈ ಗೆಲುವಲ್ಲ. ಅಲ್ಲಿ ಇವತ್ತಿಗೂ ಬೆಳಗ್ಗೆ ಹೆಸರು ಕರೆದು ಆ ದಿನದ ಕಟ್ಟೆಯ ಜಾಗವನ್ನು ಹಂಚುತ್ತಾರೆ, ದಿನದ ಬಾಡಿಗೆ ದಿನಕ್ಕೆ. ಎರಡು ಮೂಟೆ ಬೆಳೆದವನು ಎರಡು ಮೂಟೆಯ ದಿನವಷ್ಟೇ ಬರಬಹುದು, ಲಕ್ಷಾಂತರ ರೂಪಾಯಿ ಮುಂಗಡ ಇಟ್ಟು ಮಳಿಗೆ ಹಿಡಿಯಬೇಕಾಗಿಲ್ಲ.

ಅದೇ ಮಾರುಕಟ್ಟೆಯ ಇನ್ನೊಂದು ಅಧ್ಯಾಯ ಇದಕ್ಕಿಂತ ಕಹಿಯಾದದ್ದು. ಎರಡನೆಯ ಮಹಾಯುದ್ಧದ ವೇಳೆ, 1942ರಲ್ಲಿ, ಜಪಾನಿ ಮೂಲದ ರೈತರನ್ನು ಕುಟುಂಬಸಮೇತ ಶಿಬಿರಗಳಿಗೆ ಸಾಗಿಸಿದಾಗ ಅಲ್ಲಿನ ಕಟ್ಟೆಗಳು ಸಾಲುಸಾಲಾಗಿ ಬರಿದಾದವು. ಒಂದು ಇಟ್ಟಿಗೆಯೂ ಅಲುಗಿರಲಿಲ್ಲ, ಆದರೆ ಮಾರುಕಟ್ಟೆ ಅರ್ಧ ಸತ್ತಿತ್ತು. ಕಟ್ಟಡ ಉಳಿಸಿ ಎಂದು ಮಾತ್ರ ಕೂಗುವ ನನ್ನ ಪರಂಪರಾಪ್ರೇಮಿ ಗೆಳೆಯರಿಗೂ ನಾನು ಇದನ್ನೇ ಹೇಳುತ್ತ ಬಂದಿದ್ದೇನೆ, ಅವರೂ ನಿಮ್ಮಂತೆಯೇ ಕೋಪಿಸಿಕೊಳ್ಳುತ್ತಾರೆ.

ಪ್ಯಾರಿಸ್ಸಿನವರು ನಿಮ್ಮ ಸಲಹೆಯನ್ನೇ ಪಾಲಿಸಿದ್ದರು. ನಗರದ ನಡುವಿದ್ದ ಲೇ ಆಲ್ ಮಾರುಕಟ್ಟೆಯನ್ನು 1969ರಲ್ಲಿ ಊರಾಚೆಯ ರುಂಜಿಸ್‌ಗೆ ಸಾಗಿಸಿ, 1971ರಲ್ಲಿ ಅದರ ಕಬ್ಬಿಣದ ಮಂಟಪಗಳನ್ನು ಕೆಡವಲು ತೊಡಗಿದರು. ಆಮೇಲೆ ವರ್ಷಗಟ್ಟಲೆ ಅಲ್ಲಿ ಇದ್ದದ್ದು ಒಂದು ಹೊಂಡ, ಅದರೊಳಗೆ ಬಂದದ್ದು ಮಾಲ್. ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಯನ್ನು ಚೊಕ್ಕ ಮಾಡಲು ಹೊರಟಾಗ ಭಾನುವಾರದ ಗುಜರಿ ಬಜಾರಿನವರು ಹೈಕೋರ್ಟಿಗೆ ಹೋಗದಿದ್ದರೆ ಅವರಿಗೆ ಹೊಸ ಕಟ್ಟೆಗಳೂ ಸಿಗುತ್ತಿರಲಿಲ್ಲ. ಬಡವರ ವ್ಯಾಪಾರಕ್ಕೆ ಇಂಥ ಕಡೆಯಲ್ಲೆಲ್ಲ ವಕೀಲರ ಶುಲ್ಕವೂ ಒಂದು ಅಸಲು ಖರ್ಚು.

ಇನ್ನು ನಮ್ಮ ದೇವರಾಜನಿಗೆ ಬರೋಣ. ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಊರಿಗೆ ತರಲೆಂದು ತೋಡಿಸಿದ ನಾಲೆಯನ್ನು ಮುಚ್ಚಿದ ಜಾಗದಲ್ಲೇ ಸಯ್ಯಾಜಿರಾವ್ ರಸ್ತೆ ಹಾದುಹೋಗಿದೆ, ಅದರ ಮಗ್ಗುಲಲ್ಲಿ ಈ ಮಾರುಕಟ್ಟೆಯಿದೆ. ನೀರು ಬರಲಿಲ್ಲ, ಬೆಳೆ ಬಂತು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆಗಳಿಗೆ ಭೌಗೋಳಿಕ ಸೂಚಿಕೆಯ (ಬೆಳೆಯನ್ನು ಅದರ ಊರಿನ ಹೆಸರಿನಲ್ಲೇ ಗುರುತಿಸುವ ಜಿಐ) ಮನ್ನಣೆ ಸಿಕ್ಕಾಗ ನಾವೆಲ್ಲ ಬೀಗಿದೆವು. ಆ ಪ್ರಮಾಣಪತ್ರಗಳನ್ನು ಚೌಕಟ್ಟು ಹಾಕಿಸಿ ತೂಗುಹಾಕಿದವರು, ಆ ಬೆಳೆ ಕೈಬದಲಾಗುವ ಜಾಗದ ನಕ್ಷೆ ಬರೆಯುವಾಗ ಬೆಳೆದವನನ್ನು ಕರೆಯಲಿಲ್ಲ.

ಚಿಕ್ಕ ಗಡಿಯಾರದ ಕಡೆಯ ಬಾಗಿಲಿನಿಂದ ಒಳಗೆ ಹೋಗಿ ನೋಡಿ. ಕುಂಕುಮ, ಅರಿಸಿನದ ಗೋಪುರಗಳ ಮುಂದೆ ಫೋಟೋ ತೆಗೆಯುವವರನ್ನು ದಾಟಿದರೆ ಹೂವಿನ ಸಾಲು. ಅಲ್ಲಿ ಹೂವಾಡಗಿತ್ತಿ ಕನಕಾಂಬರದ ದಂಡೆಯನ್ನು ಮೊಳಕೈಯಿಂದ ನಡುಬೆರಳ ತುದಿಗೆ ಎಳೆದು ಅಳೆಯುತ್ತಾಳೆ, ಕೊನೆಗೆ ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಾಳೆ. ಆ ಗೇಣನ್ನು ನೀವು ಕೇಳಿರುವುದಿಲ್ಲ, ಆಕೆ ಲೆಕ್ಕಕ್ಕೂ ಹಿಡಿಯುವುದಿಲ್ಲ. ವೀಳ್ಯದೆಲೆಯವನು ಒದ್ದೆ ಬಟ್ಟೆ ಸರಿಸಿ ಕವಳಿಗೆ ಬಿಚ್ಚಿದಾಗ ಬರುವ ಖಾರದ ವಾಸನೆಗೆ ತಂಪು ನೆಲವೇ ಬೇಕು. ಬಾಳೆಗೊನೆಯನ್ನು ಬೆನ್ನ ಮೇಲೆ ಹೊತ್ತು ತರುವವನು ಲಿಫ್ಟಿನ ಸಾಲಿನಲ್ಲಿ ನಿಲ್ಲುವುದನ್ನು ಊಹಿಸಿಕೊಳ್ಳಲು ನನಗಂತೂ ಆಗುವುದಿಲ್ಲ. ಹತ್ತು ವರ್ಷಗಳಿಂದ ಪತ್ರಿಕೆಗೆ ಬರುತ್ತಿರುವ ‘ಅಭಿವೃದ್ಧಿ’ಯ ಬಣ್ಣದ ಚಿತ್ರಗಳನ್ನು ನಾನು ತೆಗೆದಿರಿಸಿದ್ದೇನೆ. ಅವುಗಳಲ್ಲಿ ಬಲೂನು ಹಿಡಿದ ಮಗುವಿದೆ, ನಾಯಿ ಹಿಡಿದ ದಂಪತಿಯಿದ್ದಾರೆ, ತಲೆಯ ಮೇಲೆ ಹೊರೆ ಹೊತ್ತ ಒಬ್ಬರೂ ಇಲ್ಲ.

ನೆರೆಯವರು ಈ ಸಂಗತಿಯನ್ನು ನಮಗಿಂತ ಮೊದಲೇ ಗಂಭೀರವಾಗಿ ತೆಗೆದುಕೊಂಡರು. 1999ರಲ್ಲಿ, ಒಂದೇ ವರ್ಷದಲ್ಲಿ, ಆಂಧ್ರದಲ್ಲಿ ರೈತು ಬಜಾರುಗಳೂ ತಮಿಳುನಾಡಿನಲ್ಲಿ ಉಳವರ್ ಸಂದೈಗಳೂ ಶುರುವಾದವು. ಬೆಳೆದವನೇ ಬಂದು ಮಾರಲಿ ಎಂದು ಗುರುತುಚೀಟಿ ಕೊಟ್ಟು, ತಕ್ಕಡಿ ಕೊಟ್ಟು, ನೆಲದ ಮಟ್ಟದಲ್ಲೇ ಕೂರಿಸಿದರು. ಅವೂ ಕುಂದಿಲ್ಲದವೇನಲ್ಲ, ರೈತನ ಚೀಟಿಯಲ್ಲಿ ದಲ್ಲಾಳಿ ಕೂರುವ ದೂರು ಅಲ್ಲೂ ಇದೆ. ಆದರೆ ಚೀಟಿಯಲ್ಲಿ ಹೆಸರಿದ್ದರೆ ದೂರು ಕೊಡಲಿಕ್ಕಾದರೂ ಒಂದು ದಾರಿಯಿರುತ್ತದೆ. ನಮ್ಮಲ್ಲಿ ಪುನರ್ವಸತಿಯ ಪಟ್ಟಿಯೆಂದರೆ ಮಳಿಗೆ ಬಾಡಿಗೆದಾರರ ಪಟ್ಟಿ. ಬಾಗಿಲ ಬಳಿ ಬುಟ್ಟಿ ಇಟ್ಟುಕೊಂಡು ಕೂರುವವಳು ಅದರಲ್ಲಿ ಇರುವುದೇ ಇಲ್ಲ.

ಆದ್ದರಿಂದ ಕೆಡವಲಿ, ದುರಸ್ತಿ ಮಾಡಲಿ, ಮೊದಲ ಕಲ್ಲನ್ನು ಅಲುಗಿಸುವ ಮುನ್ನ ಮೂರು ಮಾತು ಬರಹದಲ್ಲಿರಬೇಕು: ಹಸಿ ಸರಕೆಲ್ಲ ನೆಲದ ಮೇಲೆ, ಬುಟ್ಟಿಯವರಿಗೆ ದಿನದ ಬಾಡಿಗೆಯ ಕಟ್ಟೆ, ಕಾಮಗಾರಿ ಮುಗಿಯುವ ತನಕ ನಡೆದು ಹೋಗುವಷ್ಟು ದೂರದಲ್ಲಿ ತಾತ್ಕಾಲಿಕ ಜಾಗ. ನಿಮ್ಮಂತೆ ಮೂರು ಪುಟ ಬರೆಯುವ ಶ್ರದ್ಧೆಯಿರುವವರು ಇದನ್ನೇ ಒಂದು ಪುಟದಲ್ಲಿ ನಗರಪಾಲಿಕೆಗೆ ಬರೆದರೆ ನನ್ನ ಅಂಕಣಕ್ಕಿಂತ ಹೆಚ್ಚು ಉಪಯೋಗವಾದೀತು.

‘ಹಾಗಾದರೆ ನನ್ನ ಕಾರನ್ನು ಎಲ್ಲಿ ನಿಲ್ಲಿಸಲಿ?’ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಕೊಡದಿದ್ದರೆ ತಪ್ಪಾದೀತು. ಸಿಟಿ ಬಸ್ ನಿಲ್ದಾಣದಿಂದ ಚಿಕ್ಕ ಗಡಿಯಾರಕ್ಕೆ ಹತ್ತು ನಿಮಿಷದ ನಡಿಗೆ. ಕೈಚೀಲ ಮರೆಯಬೇಡಿ.

—ಸಂ.