ತೋಟದ ಕೆಲಸದ ನಡುವೆ ಮಕ್ಕಳ ಬೇಸಿಗೆ ರಜೆಯನ್ನು ಖುಷಿಯಾಗಿ ಕಳೆಯೋದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಹೊಸದಾಗಿ ಒಂದು ಚಿಕ್ಕ ತೋಟಕ್ಕೆ ಬಂದಿದ್ದೀರಿ, ಒಂದಷ್ಟು ಕೋಳಿ, ಎರಡು ಆಡು, ನಾಲ್ಕೈದು ತರಕಾರಿ ಮಡಿ ಇವೆ. ರಜೆ ಶುರುವಾಗಿದೆ. ಆರು ವರ್ಷದ ಮಗ, ಹನ್ನೊಂದು ವರ್ಷದ ಮಗಳು ಬೆಳಗ್ಗೆಯಿಂದ 'ಬೋರು ಬೋರು' ಅನ್ನುತ್ತಾರೆ, ನಿಮಗೆ ಕೆಲಸದಿಂದ ತಲೆ ಎತ್ತಲು ಪುರುಸೊತ್ತಿಲ್ಲ. ಅವರಿಗೆ ಏನು ಮಾಡಿಸಲಿ, ಕೆಲಸಕ್ಕೆ ಹಚ್ಚಿದರೆ ತಪ್ಪಾ ಅಂತ ಕೇಳಿದ್ದೀರಿ.

ತಪ್ಪೇನಿಲ್ಲ. ಆದರೆ ಕೆಲಸ ಕೊಡುವ ರೀತಿಯಲ್ಲಿ ಎಲ್ಲಾ ಇದೆ. ನಮ್ಮದೂ ಹೆಚ್ಚುಕಮ್ಮಿ ನಿಮ್ಮಷ್ಟೇ ಜಾಗ. ನಾನು, ಹೆಂಡತಿ, ಅಮ್ಮ, ಮಗಳು, ಮಗ. ಜೊತೆಗೆ ಒಂದು ಹಸು ಹೆಚ್ಚಿದೆ, ಅದರ ದೌಲತ್ತು ಬೇರೆ.

ಹೆಚ್ಚಿನ ಮನೆಗಳಲ್ಲಿ ಮಕ್ಕಳಿಗೆ ಸಿಗುವುದು ಕೆಲಸವಲ್ಲ, ಕೆಲಸದ ಚೂರು. 'ಆ ಬಕೆಟ್ ತಾ', 'ಇದನ್ನು ಹಿಡ್ಕೋ', 'ಸ್ವಲ್ಪ ಆ ಕಡೆ ನಿಂತ್ಕೋ'. ಇದರಲ್ಲಿ ಯಾರಿಗೆ ತಾನೇ ಖುಷಿ ಸಿಗುತ್ತೆ? ದೊಡ್ಡವರಿಗೂ ಸಿಗಲ್ಲ. ಒಂದು ಕೆಲಸವನ್ನು ಪೂರ್ತಿ ಅವರ ಕೈಗೆ ಕೊಟ್ಟು, ಅದರ ಬಗ್ಗೆ ಮಾತಾಡಬೇಕಾದರೆ ಅವರನ್ನೇ ಕೇಳಬೇಕು ಅನ್ನುವ ಹಾಗೆ ಮಾಡಿ ನೋಡಿ. ನಮ್ಮಲ್ಲಿ ಕೋಳಿ ಗೂಡಿನ ಯಜಮಾನಿ ಮಗಳು. ಯಾವ ಕೋಳಿ ಮೊಟ್ಟೆ ನಿಲ್ಲಿಸಿದೆ, ಯಾವುದು ಕದ್ದುಮುಚ್ಚಿ ಬೇಲಿ ಬುಡದಲ್ಲಿ ಇಡ್ತಿದೆ ಅನ್ನುವುದು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಗೊತ್ತಿಲ್ಲದವನ ಥರ ಇರುತ್ತೇನೆ. ಅಮ್ಮ ಮಾತ್ರ ಸುಮ್ಮನಿರಲ್ಲ, ದಿನಾ ಒಂದು ಸಲಹೆ ಇದ್ದೇ ಇರುತ್ತೆ. ಅಜ್ಜಿ ಮೊಮ್ಮಗಳ ಜಗಳ ಅರ್ಧ ಗೂಡಿನ ಬಗ್ಗೆಯೇ.

ಇನ್ನು ದಿನದ ಲೆಕ್ಕ. ಬೇಸಿಗೆಯಲ್ಲಿ ತೋಟದ ದಿನವನ್ನು ಬಿಸಿಲೇ ಎರಡು ಭಾಗ ಮಾಡುತ್ತೆ. ಬೆಳಗಾಗುವ ಹೊತ್ತಿನಿಂದ ಬಿಸಿಲು ಏರುವವರೆಗೆ ಒಂದು, ಬಿಸಿಲು ಇಳಿದ ಮೇಲೆ ಕತ್ತಲಾಗುವವರೆಗೆ ಇನ್ನೊಂದು. ನಡುವಿನ ಹೊತ್ತು ಯಾರದ್ದೂ ಅಲ್ಲ, ಅದನ್ನು ಹಾಗೇ ಬಿಟ್ಟುಬಿಡಿ. ಪ್ರಾಣಿಗಳೂ ಅದನ್ನೇ ಮಾಡುತ್ತವೆ. ಮಧ್ಯಾಹ್ನ ಕೋಳಿಗಳನ್ನು ಗಮನಿಸಿ: ಕೊಕ್ಕು ತೆರೆದು ಏದುಸಿರು ಬಿಡುತ್ತಾ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಂತಿರುತ್ತವೆ. ಅವಕ್ಕೆ ಬೆವರುವುದು ಗೊತ್ತಿಲ್ಲ, ಬೆವರಿನ ಗ್ರಂಥಿಯೇ ಇಲ್ಲ, ಉಸಿರಿನಲ್ಲೇ ಸೆಕೆ ಕಳೆಯಬೇಕು. ಹಾಗೆ ಏದುಸಿರು ಬಿಟ್ಟಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ, ರಕ್ತದಲ್ಲಿ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಮ್ಮಿಯಾಗುತ್ತೆ. ಕಡುಬೇಸಿಗೆಯಲ್ಲಿ ಮೊಟ್ಟೆ ಚಿಪ್ಪು ತೆಳ್ಳಗಾಗುವುದಕ್ಕೆ ಇದೂ ಒಂದು ಕಾರಣ. ಇದನ್ನು ಮಗಳಿಗೆ ಹೇಳಿದ ದಿನದಿಂದ ಮಧ್ಯಾಹ್ನದ ನೀರು ಬದಲಾಯಿಸುವುದನ್ನು ಅವಳಿಗೆ ಯಾರೂ ನೆನಪಿಸಬೇಕಾಗಿಲ್ಲ. ಕಾರಣ ಗೊತ್ತಿದ್ದರೆ ಮಕ್ಕಳು ಕೆಲಸ ಮರೆಯುವುದು ಕಮ್ಮಿ.

ಕೋಳಿಗಳಲ್ಲಿ ಯಾವುದಾದರೂ ಒಂದು ಕಾವಿಗೆ ಕೂತರೆ ನಿಮ್ಮ ರಜೆಯ ಸಮಸ್ಯೆ ಅರ್ಧ ಮುಗಿಯಿತು ಅಂದುಕೊಳ್ಳಿ. ಹುಂಜ ಇದ್ದರೆ ಮಾತ್ರ, ಇಲ್ಲದಿದ್ದರೆ ಮರಿ ಆಗಲ್ಲ, ಅದನ್ನು ಮೊದಲೇ ಹೇಳಿಬಿಡಿ. ಮೊಟ್ಟೆಗಳನ್ನು ಕಾವಿಗೆ ಇಟ್ಟ ದಿನವನ್ನು ಗೋಡೆ ಮೇಲೆ ಬರೆಯಲಿ. ಕೋಳಿ ಮೊಟ್ಟೆಗೆ 21 ದಿನ, ಬಾತುಕೋಳಿಯದಾದರೆ ಸಾಮಾನ್ಯವಾಗಿ 28. ಏಳನೇ ದಿನದ ಹೊತ್ತಿಗೆ ರಾತ್ರಿ ಕತ್ತಲಲ್ಲಿ, ಕೋಳಿಯ ಹೊಟ್ಟೆಯಡಿಯಿಂದ ಒಂದೊಂದೇ ಮೊಟ್ಟೆ ತೆಗೆದು, ದಪ್ಪ ತುದಿಗೆ ಟಾರ್ಚ್ ಒತ್ತಿ ಹಿಡಿಯಬೇಕು. ಇಡೀ ಮೊಟ್ಟೆ ಕೆಂಪಗೆ ಬೆಳಗುತ್ತೆ. ಒಳಗೆ ಕೂದಲೆಳೆಯಷ್ಟು ಸಣ್ಣ ರಕ್ತನಾಳಗಳು ಸುತ್ತಲೂ ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ. ಸ್ವಲ್ಪ ಹೊತ್ತು ಅಲುಗಾಡಿಸದೆ ಹಿಡಿದರೆ ಆ ಚುಕ್ಕೆ ಮಿಸುಕುವುದೂ ಕಾಣಬಹುದು. ನಮ್ಮ ಮಗ ಅದನ್ನು ನೋಡಿದಾಗ ಒಂದು ಮಾತೂ ಆಡಲಿಲ್ಲ, ಅವನ ಮಟ್ಟಿಗೆ ಅದು ದಾಖಲೆ. ಏನೂ ಕಾಣದೆ ಖಾಲಿಯಾಗಿ ಬೆಳಗುವ ಮೊಟ್ಟೆ ಫಲಿತವಾಗಿಲ್ಲ, ತೆಗೆದುಬಿಡಿ.

ಕೊನೆಯ ಮೂರು ದಿನ ಮೊಟ್ಟೆ ಮುಟ್ಟಬಾರದು. ಮರಿ ಚಿಪ್ಪಿಗೆ ಮೊದಲ ತೂತು ಕೊರೆದ ಮೇಲೆ ಹೊರಗೆ ಬರಲು ಕೆಲವೊಮ್ಮೆ ಇಡೀ ದಿನ ಹಿಡಿಯುತ್ತೆ. ಆಗ ಮಕ್ಕಳ ಕೈ ಕಟ್ಟಿ ಹಾಕುವುದೇ ಕಷ್ಟ. 'ಪಾಪ, ಸುಸ್ತಾಗಿದೆ, ಸ್ವಲ್ಪ ಬಿಡಿಸ್ತೀನಿ' ಅನ್ನುತ್ತಾರೆ. ಬಿಡಿಸಬೇಡಿ. ಒಳಪೊರೆಯ ರಕ್ತನಾಳಗಳು ಇನ್ನೂ ಒಣಗಿರಲ್ಲ, ಚಿಪ್ಪು ಕಿತ್ತರೆ ರಕ್ತ ಸುರಿದು ಮರಿ ಸತ್ತೇ ಹೋಗಬಹುದು. ಹುಟ್ಟಿದ ತಕ್ಷಣ ತಿನ್ನಲಿಲ್ಲ ಅಂತಲೂ ಗಾಬರಿ ಬೇಡ. ಹೊರಬರುವ ಮುಂಚೆ ಹಳದಿ ಲೋಳೆಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತೆ, ಒಂದೆರಡು ದಿನಕ್ಕೆ ಅದು ಸಾಕು.

ನೀರಾಟದ ವಿಷಯಕ್ಕೆ ಬರೋಣ. ಬೇಸಿಗೆ ಅಂದರೆ ಮಕ್ಕಳಿಗೆ ನೀರು, ತೋಟಕ್ಕೂ ನೀರು, ಮತ್ತೆ ನೀರೇ ಕಮ್ಮಿ. ಹಾಗಾಗಿ ನಮ್ಮ ಮನೆ ಕಾನೂನು ಒಂದೇ: ಮೈ ಮೇಲೆ ಬಿದ್ದ ನೀರು ಗಿಡದ ಬುಡಕ್ಕೂ ಹೋಗಬೇಕು. ಸಂಜೆ ಸ್ಪ್ರಿಂಕ್ಲರ್ ಅನ್ನು ಹಣ್ಣಿನ ಮರಗಳ ಬುಡದಲ್ಲಿ ಇಟ್ಟು ತಿರುಗಿಸುತ್ತೇವೆ, ಮಕ್ಕಳು ಮರದಿಂದ ಮರಕ್ಕೆ ಓಡುತ್ತಾರೆ, ಒಂದು ಮರಕ್ಕೆ ಸಾಕಾದರೆ ಅವರೇ ಎಳೆದುಕೊಂಡು ಹೋಗಿ ಮುಂದಿನದರಲ್ಲಿ ಇಡುತ್ತಾರೆ, ನಾನು ಕಟ್ಟೆ ಮೇಲೆ ಕೂತು ದಣಿವಾರಿಸಿಕೊಳ್ಳುತ್ತೇನೆ. ತರಕಾರಿ ಮಡಿಗಳಿಗೆ ಸಂಜೆ ಹೀಗೆ ಎರಚಬೇಡಿ. ಎಲೆ ರಾತ್ರಿಯಿಡೀ ಒದ್ದೆಯಿದ್ದರೆ ಬೂಷ್ಟು ರೋಗ ಹತ್ತುತ್ತೆ. ಅವಕ್ಕೆ ಬೆಳಗ್ಗೆ, ಅದೂ ಬುಡಕ್ಕೆ.

ಮಗನದು ನೀರಿನ ಬಾನಿ. ಹಸು, ಆಡುಗಳ ಬಾನಿ ಖಾಲಿಯಾಗದಂತೆ ನೋಡಿಕೊಳ್ಳುವುದು. ಹಾಲು ಕೊಡುವ ದೊಡ್ಡ ಹಸು ಸೆಕೆಯ ದಿನ 100 ಲೀಟರ್‌ವರೆಗೂ ಕುಡಿಯಬಹುದು ಅಂದಾಗ ಅವನು ನಂಬಲಿಲ್ಲ. ಅಳೆದೇ ನೋಡ್ತೀನಿ ಅಂತ ಬಕೆಟ್ ಲೆಕ್ಕ ಗೋಡೆಗೆ ಗೀಚಲು ಶುರುಮಾಡಿದ, ಗೋಡೆ ಹಾಳಾಯಿತು, ಗಣಿತ ಸುಧಾರಿಸಿತು. ಒಂದು ಎಚ್ಚರ: ಹತ್ತು ಲೀಟರ್ ಬಕೆಟ್ ಅಂದರೆ ಹತ್ತು ಕಿಲೋ. ನಿಮ್ಮ ಆರು ವರ್ಷದವನಿಗೆ ಎರಡೂ ಕೈಗೆ ಒಂದೊಂದು ಚಿಕ್ಕ ಬಕೆಟ್ ಕೊಡಿ, ಇಲ್ಲವೇ ಪೈಪ್ ಹಿಡಿಯಲಿ. ಪೈಪ್ ಕೈಗೆ ಬಂದ ಮೇಲೆ ಅಕ್ಕನ ಮೇಲೆ ತಿರುಗುವುದು ಗ್ಯಾರಂಟಿ. ಅದು ಇರಲಿ ಬಿಡಿ.

ಕುಂಬಳದ ಬಳ್ಳಿ ಇದ್ದರೆ ಮಗಳನ್ನು ಬೆಳಗ್ಗೆ ಬೇಗ ಎಬ್ಬಿಸಿ. ಹೂವು ಬೆಳಗಾಗುವ ಹೊತ್ತಿಗೆ ಅರಳಿ ಮಧ್ಯಾಹ್ನದೊಳಗೆ ಮುದುರಿಕೊಳ್ಳುತ್ತೆ. ಒಂದೇ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಹಿಂದೆ ಗೋಲಿಯಷ್ಟು ಪುಟ್ಟ ಕಾಯಿ ಆಗಲೇ ಇರುತ್ತೆ. ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿದರೆ ಆಯಿತು. ಕಾಂಡಕ್ಕೆ ಒಂದು ದಾರ ಕಟ್ಟಿ ಗುರುತು ಮಾಡಲಿ. ಪರಾಗ ಹತ್ತದಿದ್ದರೆ ಆ ಗೋಲಿ ಕೆಲವೇ ದಿನಗಳಲ್ಲಿ ಹಳದಿಯಾಗಿ ಉದುರುತ್ತೆ, ಹತ್ತಿದ್ದರೆ ಕಣ್ಣಿಗೆ ಕಾಣುವಷ್ಟು ಬೇಗ ಊದಿಕೊಳ್ಳುತ್ತೆ. ಜೇನುನೊಣ ಜಾಸ್ತಿ ಬರುವ ಕಡೆ ಇದರ ಅಗತ್ಯವಿಲ್ಲ ನಿಜ. ಆದರೆ ನಮ್ಮ ಮಗಳು ತಾನು 'ಮಾಡಿದ' ಕುಂಬಳವನ್ನು ಕೊಯ್ಯಲು ಬಹಳ ದಿನ ಬಿಡಲೇ ಇಲ್ಲ. ಅವಳಮ್ಮ ಕಾದು ಕಾದು ಕೊನೆಗೆ ಪಕ್ಕದ ಬಳ್ಳಿಯದನ್ನು ಕೊಯ್ದಳು.

ಮಧ್ಯಾಹ್ನದ ಆ ಖಾಲಿ ಹೊತ್ತಿನಲ್ಲಿ 'ಬೋರು' ಅಂದರೆ ನೀವು ಏನೂ ಮಾಡಬೇಕಾಗಿಲ್ಲ. ನಿಜವಾಗಿ ಹೇಳ್ತಿದ್ದೀನಿ. ಬೇಜಾರು ಹತ್ತು ಹದಿನೈದು ನಿಮಿಷ ಗೋಳಾಡುತ್ತೆ, ಆಮೇಲೆ ತಾನೇ ಏನನ್ನೋ ಹುಡುಕಿಕೊಳ್ಳುತ್ತೆ. ನಮ್ಮಲ್ಲಿ ನೆರಳಿನಲ್ಲಿ ಒಂದು ಕೆಸರಿನ ಅಂಗಡಿ ಎದ್ದಿದೆ, ಅದರ ಲೆಕ್ಕ ನನಗೆ ಅರ್ಥವಾಗಲ್ಲ. ತೀರಾ ಪೀಡಿಸಿದರೆ ಒಂದು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಡಿಯ ಮಣ್ಣು, ಮೇಲೆ ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಲು ಹೇಳಿ. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕೆ ಕೂರುತ್ತೆ, ಹೂಳಿನಂಥ ನಯವಾದ ರೇವೆಮಣ್ಣಿಗೆ ಕೆಲವು ಗಂಟೆ ಬೇಕು, ಜೇಡಿ ತಿಳಿಯಾಗಲು ದಿನಗಟ್ಟಲೆ. ಪದರಗಳನ್ನು ಅಳೆದರೆ ನಿಮ್ಮ ಮಣ್ಣು ಎಂಥದ್ದು ಅಂತ ನಿಮಗೂ ಗೊತ್ತಾಗುತ್ತೆ. ಮೊಬೈಲ್ ಕೊಡಬೇಕಾ ಬೇಡವಾ ಅನ್ನುವ ವಾದಕ್ಕೆ ನಾನು ಬರಲ್ಲ. ಬೆಳಗ್ಗೆ, ಸಂಜೆ ಅದರ ನೆನಪೇ ಬರದಿದ್ದರೆ ಮಧ್ಯಾಹ್ನ ಅರ್ಧ ಗಂಟೆ ನೋಡಿದರೆ ಆಕಾಶ ಬೀಳಲ್ಲ.

ಈಗ ಕಟ್ಟುನಿಟ್ಟಿನ ಮಾತು. ಎಲ್ಲಾ ವಿಷಯದಲ್ಲಿ ಸಡಿಲ ಇರಬಹುದು, ಇದರಲ್ಲಿ ಬೇಡ. ತೊಟ್ಟಿ, ಬಾವಿ, ಹೊಂಡ ಇದ್ದರೆ ಮುಚ್ಚಳ ಅಥವಾ ಬೇಲಿ ಹಾಕಿ, ದೊಡ್ಡವರಿಲ್ಲದೆ ಆ ಕಡೆ ಕಾಲಿಡುವಂತಿಲ್ಲ. ಮುಳುಗುವ ಮಗು ಹೆಚ್ಚಾಗಿ ಕೂಗುವುದೇ ಇಲ್ಲ, ಸದ್ದು ಬಂದಾಗ ಓಡೋಣ ಅಂತ ಕೂರಬೇಡಿ. ಟ್ರ್ಯಾಕ್ಟರ್‌ನಲ್ಲಿ ಒಂದೇ ಸೀಟು ಇದ್ದರೆ ಒಬ್ಬರೇ, 'ಒಂದು ರೌಂಡು ಅಷ್ಟೇ' ಅನ್ನುವುದೂ ಇಲ್ಲ. ಮಡ್‌ಗಾರ್ಡ್ ಮೇಲೆ ಕೂತ ಮಗು ಜಾರಿದರೆ ಬೀಳುವುದು ಹಿಂದಿನ ಚಕ್ರದ ಮುಂದೆ. ಒಣಹುಲ್ಲಿನ ಬಣವೆಯಲ್ಲಿ ಗುಹೆ ಕೊರೆಯಲು ಬಿಡಬೇಡಿ, ಕುಸಿದರೆ ಉಸಿರು ಕಟ್ಟುತ್ತೆ. ಔಷಧಿ ಡಬ್ಬಗಳು ಬೀಗದೊಳಗೆ. ಕೋಳಿ ಮರಿ ಎಷ್ಟೇ ಮುದ್ದಾಗಿದ್ದರೂ ಮುತ್ತು ಕೊಡುವಂತಿಲ್ಲ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು, ಆರೋಗ್ಯವಾಗಿ ಕಾಣುವ ಕೋಳಿಯಿಂದಲೂ ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ರೋಗಾಣು ಬರಬಹುದು.

ರಾತ್ರಿಯ ಹೊತ್ತು ನನಗಿಷ್ಟ. ಕೆಲಸ ಮುಗಿದಿರುತ್ತೆ, ಎಲ್ಲರೂ ಅಂಗಳದಲ್ಲಿ ಚಾಪೆ ಹಾಕಿಕೊಂಡಿರುತ್ತೇವೆ, ಯಾರು ಯಾರ ದಿಂಬು ಕಸಿದರು ಅಂತ ಒಂದು ಜಗಳ ನಡೆದಿರುತ್ತೆ. ಚಿಮ್ಮಂಡೆ ಗೊತ್ತಲ್ಲ, ಕತ್ತಲಾದ ಮೇಲೆ ಕಿರ್ರ್ ಕಿರ್ರ್ ಅನ್ನುವ ಹುಳ. ಸೆಕೆ ಜಾಸ್ತಿಯಾದಷ್ಟೂ ಅದು ಬೇಗ ಬೇಗ ಕೂಗುತ್ತೆ. 1897ರಲ್ಲಿ ಏಮಸ್ ಡಾಲ್ಬೇರ್ ಅನ್ನುವ ಅಮೆರಿಕದ ಭೌತವಿಜ್ಞಾನಿ ಇದಕ್ಕೆ ಒಂದು ಸೂತ್ರವನ್ನೇ ಕೊಟ್ಟ. ಈಗ ಬಳಕೆಯಲ್ಲಿರುವ ಸುಲಭದ ರೂಪ ಹೀಗೆ: ಎಂಟು ಸೆಕೆಂಡಿನಲ್ಲಿ ಎಷ್ಟು ಸಲ ಕೂಗಿತು ಎಣಿಸಿ, ಐದು ಕೂಡಿಸಿದರೆ ಸುಮಾರಾಗಿ ಸೆಲ್ಸಿಯಸ್ ಲೆಕ್ಕ. ಮರದ ಮೇಲಿರುವ ಒಂದು ಜಾತಿಯ ಚಿಮ್ಮಂಡೆಗೆ ಹೊಂದುವ ಸೂತ್ರ ಅದು, ಎಲ್ಲದಕ್ಕೂ ಅಲ್ಲ. ಹಾಗಾಗಿ ಮಕ್ಕಳು ಥರ್ಮಾಮೀಟರ್ ಪಕ್ಕದಲ್ಲಿಟ್ಟುಕೊಂಡು ನಮ್ಮ ಚಿಮ್ಮಂಡೆಗೆ ಎಷ್ಟು ಕೂಡಿಸಬೇಕು ಅಂತ ತಾವೇ ಲೆಕ್ಕ ಹಾಕುತ್ತಿದ್ದಾರೆ. ಇಬ್ಬರ ಉತ್ತರವೂ ಇನ್ನೂ ಹೊಂದಿಕೆಯಾಗಿಲ್ಲ.

ಗುಡುಗಿನ ಮಳೆ ಬಂದರೆ ಇನ್ನೊಂದು ಎಣಿಕೆ. ಮಿಂಚು ಕಂಡದ್ದೇ ಎಣಿಸಲು ಶುರುಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಆದರೆ ಎಣಿಸುವುದು ಮನೆಯೊಳಗೆ ನಿಂತು. ಗುಡುಗು ಕಿವಿಗೆ ಬಿತ್ತು ಅಂದರೆ ಒಳಗೆ, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರುವಂತಿಲ್ಲ. ಹಸುವನ್ನು ಮರದ ಕೆಳಗೆ ಕಟ್ಟಿದ್ದರೆ ಮೋಡ ಕವಿಯುವಾಗಲೇ ಬಿಚ್ಚಿ ತನ್ನಿ.

ಇಷ್ಟೆಲ್ಲಾ ಒಟ್ಟಿಗೆ ಶುರುಮಾಡಬೇಡಿ. ಮೊದಲು ಮಗನಿಗೆ ಕೋಳಿಗಳ ನೀರು, ಮಗಳಿಗೆ ಒಂದು ಮಡಿ ಪೂರ್ತಿ. ಅವಳು ಅದರಲ್ಲಿ ಏನು ಹಾಕಿದರೂ ಅಡ್ಡಿಪಡಿಸಬೇಡಿ, ಕಳೆ ಬೆಳೆದರೂ ನೀವು ಹೋಗಿ ಕೀಳಬೇಡಿ. ಇದು ಬಹಳ ಕಷ್ಟ, ನನ್ನ ಹೆಂಡತಿ ಆ ಕಡೆ ನೋಡದೆ ಮುಖ ತಿರುಗಿಸಿ ನಡೆಯುತ್ತಾಳೆ. ಕೆಲಸ ದಿನಕ್ಕೆ ಬೆಳಗ್ಗೆ ಒಂದು ಗಂಟೆ, ಸಂಜೆ ಅರ್ಧ ಗಂಟೆ ದಾಟದಿರಲಿ. ಉಳಿದದ್ದು ಅವರ ಹೊತ್ತು. ಆಡುಗಳಿಗೆ ಒಂದು ಹಳೆಯ ಮರದ ಹಲಗೆಯನ್ನು ಕಲ್ಲಿನ ಮೇಲೆ ಇಳಿಜಾರಾಗಿ ಇಟ್ಟುಕೊಡಿ, ಅವು ಹತ್ತಿ ಜಿಗಿಯುವುದನ್ನು ನೋಡುತ್ತಾ ಮಕ್ಕಳು ಗಂಟೆ ಕಳೆಯುತ್ತಾರೆ. ಹಲಗೆ ಬೇಲಿಯಿಂದ ದೂರ ಇರಲಿ. ಹತ್ತಿರ ಇಟ್ಟರೆ ಅವು ಅದರ ಮೇಲಿಂದಲೇ ಹಾರಿ ನೇರ ಮಗಳ ಮಡಿಗೆ ಹೋಗುತ್ತವೆ.