ಗಡಿಯಾರ ಇಟ್ಟುಕೊಂಡು ಕಾದಂಬರಿ ಬರೆಯಬಹುದೇ?

ನಮಸ್ಕಾರ ಮೇಷ್ಟ್ರೇ,

ಶಾಲೆ, ಮನೆ, ತೋಟದ ನಡುವೆ ಕಾದಂಬರಿಗೆ ಬಿಡುವೇ ಸಿಗುತ್ತಿಲ್ಲ ಎಂದು ಬರೆದಿದ್ದೀರಿ. ಹೊತ್ತು ಗೊತ್ತುಮಾಡಿಕೊಂಡು ಕೂತರೆ ಬರವಣಿಗೆ ಯಂತ್ರದ ಕೆಲಸ ಆಗಿಬಿಡುತ್ತದೆ ಎಂಬ ಭಯವೂ ನಿಮಗಿದೆ. ಕುವೆಂಪು ಅವರೇ ಎರಡು ಕಾದಂಬರಿಗಳ ನಡುವೆ 31 ವರ್ಷ ಬಿಟ್ಟರು, ಸ್ಫೂರ್ತಿಗೆ ಕಾಯುವುದೇ ಸರಿ ಅಲ್ವಾ ಎಂದು ಕೇಳಿದ್ದೀರಿ.

ನನಗೆ ಹಾಗನ್ನಿಸುವುದಿಲ್ಲ. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರೊಲಪ್ ಬಹುಕಾಲ ಅಂಚೆ ಇಲಾಖೆಯಲ್ಲಿ ಕೆಲಸದಲ್ಲಿದ್ದವರು. ಬೆಳಿಗ್ಗೆ ಐದೂವರೆಗೆ ಬರೆಯಲು ಕೂರುತ್ತಿದ್ದರು. ಎಬ್ಬಿಸಿ ಕಾಫಿ ಕೊಡಲೆಂದೇ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದರು. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದಿ, ವಾಕ್ಯಗಳು ಕಿವಿಗೆ ಹಿಡಿಸುತ್ತವೆಯೇ ಎಂದು ನೋಡುತ್ತಿದ್ದರು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ತಿಂಡಿಯ ಹೊತ್ತಿಗೆ ಆ ದಿನದ ಬರವಣಿಗೆ ಮುಗಿದಿರುತ್ತಿತ್ತು. ಒಟ್ಟು 47 ಕಾದಂಬರಿ ಬರೆದರು. ತೀರಿಕೊಂಡ ಮರುವರ್ಷ, 1883ರಲ್ಲಿ, ಅವರ ಆತ್ಮಕತೆ ಹೊರಬಂತು. ಈ ಲೆಕ್ಕವೆಲ್ಲ ಅದರಲ್ಲಿತ್ತು. ಇದೆಂಥ ಕಲೆ ಎಂದು ಹಲವರು ಮೂಗು ಮುರಿದರು. ಅವರ ಹೆಸರಿಗೆ ಪೆಟ್ಟೇ ಬಿತ್ತು.

ಅದು ಅನ್ಯಾಯ. ಕಾಡು ಬಂಡೆಗಳ ನಡುವೆ ಒಬ್ಬರೇ ಅಲೆಯುತ್ತಾ, ಪಾತ್ರಗಳ ದುಃಖಕ್ಕೆ ಅತ್ತಿದ್ದನ್ನು, ಅವರ ಪೆದ್ದುತನಕ್ಕೆ ನಕ್ಕಿದ್ದನ್ನು ಅದೇ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಗಡಿಯಾರದ ಕೆಲಸ ಬೆಳಗಿನ ಮೂರು ಗಂಟೆಗೆ ಮಾತ್ರ. ಪಾತ್ರಗಳ ಒಡನಾಟ ಅದರಾಚೆಗೂ ಇತ್ತು. ಈ ಒಡನಾಟ ಇಲ್ಲದೆ ಸುಮ್ನೆ ಬೇಗ ಎದ್ದು ಕೂತರೆ ಹಾಳೆ ತುಂಬೀತು, ಕತೆ ಹುಟ್ಟುವುದಿಲ್ಲ. ನೀವು ಹೆದರಬೇಕಾದದ್ದು ಇದಕ್ಕೆ.

ಅಮೆರಿಕದ ಕಾದಂಬರಿಕಾರ್ತಿ ಟೋನಿ ಮಾರಿಸನ್ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿದ್ದುಕೊಂಡು ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಸಾಕಿದವರು. ಮಕ್ಕಳು ಏಳುವ ಮೊದಲು ಬರೆಯದೆ ಬೇರೆ ದಾರಿ ಇರಲಿಲ್ಲ. ನಸುಕಿನಲ್ಲೇ ತಲೆ ಚುರುಕಾಗಿರುತ್ತದೆ ಎಂಬುದು ಆಮೇಲೆ ತಿಳಿದದ್ದು.

ಇನ್ನು ಕುವೆಂಪು. ‘ಕಾನೂರು ಹೆಗ್ಗಡಿತಿ’ 1936ರದ್ದು, ‘ಮಲೆಗಳಲ್ಲಿ ಮದುಮಗಳು’ 1967ರದ್ದು, ನಿಜ. ಆದರೆ ಆ ನಡುವೆ ಅವರು ಕೈಕಟ್ಟಿ ಕೂತಿರಲಿಲ್ಲ. ಪಾಠ ಹೇಳಿದರು, ‘ಶ್ರೀ ರಾಮಾಯಣ ದರ್ಶನಂ’ ಬರೆದರು, ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿ ದುಡಿದರು. ಅದನ್ನು ಕಾಯುವುದು ಅನ್ನಲು ನನಗೆ ಮನಸ್ಸು ಬಾರದು.

ಅಡಿಕೆ ತೋಟದ ಪಾಲಿಗಾಗಿ ಕೋರ್ಟಿಗೆ ಅಲೆದ ನಿಮ್ಮ ಸೋದರತ್ತೆಯ ಬಗ್ಗೆ ಪತ್ರದ ಕೊನೆಗೆ ನಾಲ್ಕೇ ಸಾಲು ಬರೆದಿದ್ದೀರಿ. ಅಲ್ಲಿ ನಿಮ್ಮ ಭಾಷೆಯೇ ಬೇರೆ ಆಗಿದೆ! ಶಾಲೆಗೆ ಹೋಗುವ ಬಸ್ಸಿನಲ್ಲಿ ಆಕೆಯನ್ನೇ ನೆನೆಯುತ್ತಾ ಹೋಗಿ. ಊಟವಾದ ಮೇಲೆ ಅರ್ಧ ಗಂಟೆ ಬರೆದರೂ ಸಾಕು. ಹಿಂದಿನ ದಿನದ ಪುಟ ಓದಿಯೇ ಮುಂದಿನದಕ್ಕೆ ಕೈ ಹಾಕಿ. ಆಕೆ ಮೊದಲ ಸಲ ವಕೀಲರ ಮನೆ ಮೆಟ್ಟಿಲು ಹತ್ತಿದ ದಿನದಿಂದ ಶುರು ಮಾಡಬಹುದು ಎಂದು ನನಗನ್ನಿಸುತ್ತದೆ.

– ಸಂಪಾದಕ